ಆಟಿ ಕಳೆದ ಮೇಲೆ

ಮೂಡುಬಿದಿರೆ
4 ಮೇ 2025

ಪ್ರೀತಿಯ ಕಮಲಾಕ್ಷ,

‘ಹರಿವ ನೀರು ನಿಂತು ಕೇಳದು ಯಾವ ಬಾಗಿಲಲ್ಲೂ’ ಎಂದೊಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದ್ದೋ ನೆನಪಿಲ್ಲ. ಕಾಲೇಜಿನ ಯಾವುದೋ ವಾರ್ಷಿಕ ಸಂಚಿಕೆಯಲ್ಲಿ ಯಾರೋ ವಿದ್ಯಾರ್ಥಿನಿ ಬರೆದದ್ದಿರಬಹುದು. ನೀರು ಕೇಳದೆ ಇರುವುದು ದಾರಿಯನ್ನೋ ಅಪ್ಪಣೆಯನ್ನೋ, ಮುಂದಿನ ಸಾಲು ಏನಿತ್ತೋ, ಅದೂ ಮರೆತಿದೆ. ಬರೆದವಳು ಪುರಸಭೆಯ ಮೆಟ್ಟಿಲು ಹತ್ತಿದವಳಲ್ಲ ಎಂಬುದು ಮಾತ್ರ ಖಚಿತ. ಅಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಕೇಳಿದರೆ, ಎಲ್ಲಿಗೆ ಹೋಗುತ್ತದೆ ಎಂದು ಮೂರು ಸಲ ಕೇಳುತ್ತಾರೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ತುಳುವಿಗೆ ಇಳಿಯುತ್ತೇವೆ. ತುಳುವಿನಲ್ಲಿ ನಮಗೆ ಊಟ, ಸೆಕೆ, ನನ್ನ ಮೊಣಕಾಲು ಬಿಟ್ಟು ಬೇರೆ ಮಾತು ಹೊಳೆಯುವುದಿಲ್ಲ. ಅರ್ಜಿಯ ವಿಷಯಕ್ಕೆ ಕನ್ನಡವೇ ಬೇಕು, ಕನ್ನಡಕ್ಕೆ ನಮ್ಮಿಬ್ಬರಿಗೂ ಕಾಗದವೇ ಬೇಕು.

ಅರ್ಜಿ ಕೊಟ್ಟಾಯಿತು. ಅಪ್ಪ ಬೀಡಿ ಬ್ರಾಂಚ್ ನಡೆಸುತ್ತಿದ್ದ ರಸ್ತೆ ಬದಿಯ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ಉದ್ದಿಮೆ ಪರವಾನಗಿ ಬೇಕೆಂದು ನಿನ್ನ ಹೆಸರಿನಲ್ಲೂ ನನ್ನ ಹೆಸರಿನಲ್ಲೂ ಬರೆದಿದ್ದೇನೆ. ಕಚೇರಿಯ ಗುಮಾಸ್ತ ನಿಝಾಮುದ್ದೀನ್ ನನ್ನ ಹಳೆಯ ವಿದ್ಯಾರ್ಥಿ. ‘ಮೇಡಂ, ನೀವು ನಮಗೆ ಛಂದಸ್ಸು ಕಲಿಸಿದ ಹಾಗೆ ನಾನು ನಿಮಗೆ ಇದನ್ನು ಕಲಿಸುತ್ತೇನೆ’ ಎಂದು ಕೂರಿಸಿ ಒಂದೊಂದೇ ಹೇಳಿಕೊಟ್ಟ. ಕಟ್ಟಡದ ತೆರಿಗೆ ರಸೀದಿ, ನೆರೆಯವರ ಒಪ್ಪಿಗೆ, ಕೊಳಕು ನೀರಿಗೆ ಇಂಗುಗುಂಡಿ, ಕೊನೆಗೆ ಆರೋಗ್ಯ ನಿರೀಕ್ಷಕರ ಸ್ಥಳ ತನಿಖೆ.

ನೆರೆಯವರಲ್ಲಿ ಮುಖ್ಯವಾದವರು ಸುಂದರಕ್ಕ. ಅವರ ಬಾವಿ ನಮ್ಮ ಕಟ್ಟಡದ ಕೆಳಗೆ, ತಗ್ಗಿನಲ್ಲಿ ಉಂಟಲ್ಲ. ಕಾಗದ ಹಿಡಿದು ಹೋದಾಗ ಓದದೆಯೇ ಸಹಿ ಹಾಕಿದರು. “ನಿಮ್ಮ ಅಪ್ಪ ನಾನು ಕಟ್ಟಿದ ಬೀಡಿ ಎಷ್ಟು ಸಲ ಸರಿ ಇಲ್ಲ ಅಂತ ಬಿಸಾಡಿದ್ದಾರೆ. ನಾನು ನಿಮ್ಮ ಕಾಗದ ಬಿಸಾಡುವುದಿಲ್ಲ ಟೀಚರೆ” ಎಂದರು. ಕಾಫಿಯನ್ನೂ ಕೊಟ್ಟರು. ಚಿಕ್ಕಮ್ಮನದು ಮಾತ್ರ ಬೇರೆ ರಾಗ. ಎಂ.ಎ. ಮಾಡಿದವಳು ಊರವರ ಬಟ್ಟೆ ಒಗೆಯುವುದಾ ಎಂದು ಕೇಳಿದರು. ಒಗೆಯುವುದು ಮೆಷಿನು ಚಿಕ್ಕಮ್ಮ, ನಾನು ಬಿಲ್ಲು ಬರೆಯುವವಳು ಎಂದೆ. ಅತಿಥಿ ಉಪನ್ಯಾಸಕಿ ಎಂದು ವರ್ಷ ವರ್ಷ ಕರೆಯುತ್ತಿದ್ದವರು ಎರಡು ವರ್ಷದಿಂದ ಕರೆಯಲಿಲ್ಲ ಎಂಬುದು ಅವರಿಗೂ ಗೊತ್ತು, ಆದ್ದರಿಂದ ಅಲ್ಲಿಗೇ ನಿಲ್ಲಿಸಿದರು.

ಕಾಲೇಜಿನ ಹಾಸ್ಟೆಲಿನವರು ಪರವಾನಗಿಯ ಪ್ರತಿ ತೋರಿಸಿದರೆ ಹಾಸು ಬಟ್ಟೆಗಳ ಕೆಲಸ ನಮಗೇ ಎಂದಿದ್ದಾರೆ. ಅಕ್ಟೋಬರಿನಲ್ಲಿ ಅಲ್ಲಿಯ ಲಾಂಡ್ರಿಯಲ್ಲಿ ನಿನ್ನ ಒಪ್ಪಂದ ಮುಗಿಯುತ್ತದಲ್ಲ. ಅಷ್ಟರೊಳಗೆ ಆ ಒಂದು ಹಾಳೆ ನನ್ನ ಕೈಗೆ ಬಂದರೆ ನೀನು ಇನ್ನೊಂದಕ್ಕೆ ಸಹಿ ಹಾಕಬೇಕಾಗಿಲ್ಲ. ಬರಲೇಬೇಕು. ನಿನ್ನ ಹೆಂಡತಿ ಸುಪ್ರೀತಾ ಮಗಳು ಸಾತ್ವಿಕಾಳನ್ನು ಕಟ್ಟಿಕೊಂಡು ಬೆಳ್ತಂಗಡಿಯ ತವರುಮನೆಯಲ್ಲಿ ಎಷ್ಟು ವರ್ಷ ಅಂತ ಇರುವುದು?

ನಿನ್ನ ಅಕ್ಕ
ಜಲಜಾಕ್ಷಿ

*

ಮಸ್ಕತ್
22 ಮೇ 2025

ಅಕ್ಕ,

ಕಾಗದ ಸಿಕ್ಕಿತು. ಬಂಟ್ವಾಳದ ಅಬ್ದುಲ್ ಶುಕೂರ್ ರಜೆಯಲ್ಲಿ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ಬಂಟ್ವಾಳದಲ್ಲಿ ಅಂಚೆಗೆ ಹಾಕುತ್ತಾನೆ. ಕ್ಯಾಂಪಿನಿಂದ ಯಾರು ಹೊರಟರೂ ಅವರ ಪೆಟ್ಟಿಗೆಯಲ್ಲಿ ನಾಲ್ಕು ಜನರ ಕಾಗದ ಇರುತ್ತದೆ.

ನಿನ್ನ ಕವಿತೆಯ ಸಾಲು ನನಗೆ ತಿಳಿಯಲಿಲ್ಲ. ನೀರು ಯಾವ ಬಾಗಿಲಲ್ಲೂ ಕೇಳುವುದಿಲ್ಲ ಅಂದರೆ ಡ್ರೈನೇಜ್ ಸರಿ ಇಲ್ಲ ಅಂತ ಅರ್ಥ. ಅದಕ್ಕೆ ಮೊದಲು ಮೂರು ಕೋಣೆಯ ತೊಟ್ಟಿ ಕಟ್ಟಿಸು. ಸೋಪಿನ ನೊರೆ ಮೊದಲನೆಯದರಲ್ಲಿ ನಿಲ್ಲಬೇಕು, ನೂಲು, ಕೂದಲು ಎರಡನೆಯದರಲ್ಲಿ. ಮೂರನೆಯದರಿಂದ ಮಾತ್ರ ಗುಂಡಿಗೆ ಬಿಡುವುದು. ಸುಂದರಕ್ಕನ ಬಾವಿ ಹತ್ತಿರ ಉಂಟು, ಅದನ್ನು ಮರೆಯಬೇಡ.

ಒಗೆಯುವ ಮೆಷಿನಿಗಿಂತ ನನಗೆ ಇಸ್ತ್ರಿ ರೋಲರಿನದೇ ಯೋಚನೆ. ಹಾಸು ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಅದಕ್ಕೆ ಬಟ್ಟೆಗೂ ಕೈಗೂ ವ್ಯತ್ಯಾಸ ತಿಳಿಯುವುದಿಲ್ಲ. ಊರಿನಲ್ಲಿ ಆ ಕೆಲಸ ನಾನೇ ಮಾಡ್ತೇನೆ, ಬೇರೆ ಯಾರಿಗೂ ಕೊಡುವುದಿಲ್ಲ. ನೀನಂತೂ ಅದರ ಹತ್ತಿರ ಬರಬಾರದು. ಕವಿತೆ ನೆನಪು ಮಾಡುತ್ತಾ ನಿಂತರೆ ಕಷ್ಟ.

ಸೆಪ್ಟೆಂಬರ್ ಕೊನೆಯೊಳಗೆ ಇಲ್ಲಿ ಹೇಳಬೇಕು, ಮುಂದುವರಿಯುತ್ತೇನೋ ಇಲ್ಲವೋ ಅಂತ. ಪರವಾನಗಿಯ ಫೋಟೋ ಬಂದ ದಿನ ಸೂಪರ್‌ವೈಸರಿನ ಮೇಜಿನ ಮೇಲೆ ಫೋನ್ ಇಟ್ಟು ತೋರಿಸ್ತೇನೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಆದರೂ ತೋರಿಸ್ತೇನೆ.

ಕಮಲಾಕ್ಷ

*

ಮೂಡುಬಿದಿರೆ
25 ಜೂನ್ 2025

ಪ್ರೀತಿಯ ತಮ್ಮ,

ನೀನು ಹೇಳಿದಂತೆ ತೊಟ್ಟಿ ಕಟ್ಟಿಸಿದೆ. ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಗಾರೆ ಒಣಗಿತು. ಬೀಡಿ ಎಲೆಯ ವಾಸನೆ ಆ ಗೋಡೆಗಳಿಂದ ಇನ್ನೂ ಹೋಗಿಲ್ಲ. ಸುಣ್ಣ ಬಳಿದ ಮೇಲೆ ಇನ್ನೂ ಹೆಚ್ಚಾದಂತಿದೆ.

ಆರೋಗ್ಯ ನಿರೀಕ್ಷಕರು ದಾರಿಯಲ್ಲಿ ಹೋಗುತ್ತಾ ಒಮ್ಮೆ ಇಳಿದು ನೋಡಿದರು. ಬೀದರ್ ಕಡೆಯವರು, ದೊಡ್ಡ ದನಿ, ಮೃದು ಮನುಷ್ಯ. ಬಾವಿಯ ಕಡೆಗೆ ಕಣ್ಣು ಹಾಯಿಸಿ ‘ದೂರ ಅದ ಅನಸ್ತದ ಮೇಡಂ’ ಎಂದರು. ಇದು ಲೆಕ್ಕಕ್ಕಿಲ್ಲ, ಮುಂದಿನ ತಿಂಗಳ ಇಪ್ಪತ್ತೆರಡಕ್ಕೆ ಕಾಗದ ಪತ್ರ ಸಮೇತ ಬಂದು ಕ್ರಮವಾಗಿ ತನಿಖೆ ಮಾಡುತ್ತೇನೆ, ಎಲ್ಲ ಸರಿ ಇದ್ದರೆ ಅದೇ ವಾರ ಪರವಾನಗಿ ಎಂದೂ ಹೇಳಿದರು. ನಿಝಾಮುದ್ದೀನ್ ದಿನಾಂಕ ಬರೆದುಕೊಂಡ.

ಇಷ್ಟು ಸುಲಭವಾಗಿ ಆಗುವುದನ್ನು ನೋಡಿ ನನಗೆ ಸ್ವಲ್ಪ ಹೆದರಿಕೆಯೂ ಆಯಿತು. ಸುಲಭವಾದದ್ದು ನನ್ನ ಜೀವನದಲ್ಲಿ ಹೆಚ್ಚು ನಡೆದಿಲ್ಲ. ಆದರೆ ನಡೆಯಬಾರದು ಎಂದೇನೂ ಇಲ್ಲವಲ್ಲ.

ನಿನ್ನ ಫೋನು ಬಂದು ಕೆಲವು ದಿನವಾಯಿತು. ಕೆಲಸ ಹೆಚ್ಚೇ?

ಅಕ್ಕ

*

ಮಸ್ಕತ್
8 ಜುಲೈ 2025

ಅಕ್ಕ,

ಚಿಕ್ಕದಾಗಿ ಬರೆಯುತ್ತೇನೆ, ಸಿಟ್ಟಾಗಬೇಡ. ಇಪ್ಪತ್ತೆರಡಕ್ಕೆ ಬೇಡ ಅಂತ ಅವರಿಗೆ ಹೇಳು. ಅದು ಆಟಿ ತಿಂಗಳು. ಆಟಿ ಕಳೆದ ಮೇಲೆ ಬರಲಿ. ಬಿಸಿಯ ಕೆಲಸ, ಮೆಷಿನಿನ ಕೆಲಸ. ಒಳ್ಳೆಯ ದಿನದಲ್ಲಿ ಶುರುವಾಗಲಿ. ಮೊದಲು ನಾನು ಇದಕ್ಕೆಲ್ಲ ನಗುತ್ತಿದ್ದೆ, ಈಗ ನಗುವುದಿಲ್ಲ. ಯಾಕೆ ಅಂತ ಕೇಳಬೇಡ.

ಅಕ್ಷರ ಸರಿ ಇಲ್ಲ. ಮಂಚದ ಮೇಲೆ ಕೂತು ಬರೆದದ್ದು.

ಕಮಲಾಕ್ಷ

*

ಮೂಡುಬಿದಿರೆ
20 ಜುಲೈ 2025

ಪ್ರೀತಿಯ ಕಮಲಾಕ್ಷ,

ನಿನ್ನ ಕಾಗದವನ್ನು ಎರಡು ಸಲ ಓದಿದೆ, ಅಕ್ಷರ ಬಿಡಿಸಲಿಕ್ಕೆ. ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ಹೀಗೇ ಎಡಕ್ಕೆ ಬಾಗಿಸಿ ಬರೆಯುತ್ತಿದ್ದೆ ನೀನು. ಮಂಚ ಬಿಟ್ಟು ಕುರ್ಚಿಯಲ್ಲಿ ಕೂತುಕೋ.

ಆಟಿಯಲ್ಲಿ ಬೇಡ ಎಂದು ನೀನು ಹೇಳುವುದನ್ನು ಕೇಳಿ ನಗು ಬಂತು. ಹಿಂದೆ ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯದೆ ಓಡುತ್ತಿದ್ದವನು ಯಾರು? ಆದರೂ ಹೋಗಿ ಹೇಳಿದೆ. ನನಗೆ ನಂಬಿಕೆ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ, ಆದರೆ ಆಟಿಯಲ್ಲಿ ನಮ್ಮ ಮನೆಯಲ್ಲಿ ಯಾರೂ ಹೊಸದಕ್ಕೆ ಕೈ ಹಾಕಿದವರಿಲ್ಲ. ಮೊದಲನೆಯವಳು ನಾನಾಗುವುದು ಬೇಡ ಎನಿಸಿತು. ನೀನು ದೂರದಲ್ಲಿ ಕೂತು ಕೇಳಿದ್ದನ್ನು ಹೇಗೆ ಇಲ್ಲ ಎನ್ನುವುದು?

ನಿರೀಕ್ಷಕರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, “ಆಟಿ ಅಂದ್ರ ಏನ್ರಿ ಮೇಡಂ?” ಎಂದು ಕೇಳಿದರು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಭಾರೀ ಮಳೆಯ ತಿಂಗಳು, ಮದುವೆ ಗೃಹಪ್ರವೇಶ ಯಾವುದೂ ಇಲ್ಲ ಎಂದು ವಿವರಿಸಿದೆ. “ನಾ ಏನ್ ಲಗ್ನ ಮಾಡ್ಸಲಾಕ ಬರ್ಲಾಕತ್ತೀನೇನ್ರಿ? ಗುಂಡಿ ನೋಡ್ಲಾಕ ಬರೋದು” ಎಂದರು. ಆಮೇಲೆ ನನ್ನ ಮುಖ ನೋಡಿ, ಆಗಲಿ, ನಿಮ್ಮೂರಿನ ಲೆಕ್ಕ ನಿಮಗೆ, ಆಗಸ್ಟ್ ಇಪ್ಪತ್ತಕ್ಕೆ ಬರುತ್ತೇನೆ ಎಂದು ದಿನ ಬದಲಿಸಿದರು. ನಿಝಾಮುದ್ದೀನ್ ಹಳೆಯ ದಿನಾಂಕಕ್ಕೆ ಗೀಟು ಎಳೆದು ಹೊಸದನ್ನು ಬರೆದುಕೊಂಡ.

ಹಾಸ್ಟೆಲಿನವರು ಸ್ವಲ್ಪ ದಿನ ಕಾಯುತ್ತಾರಂತೆ. ನೀನು ವಿಡಿಯೋ ಕಾಲ್ ಮಾಡುವುದನ್ನೇ ಬಿಟ್ಟೆ. ನೆಟ್ ಇಲ್ಲ ಎನ್ನುತ್ತೀ, ಆದರೆ ಸಾತ್ವಿಕಾ ಕಳಿಸಿದ ಫೋಟೋಗಳು ನಿನಗೆ ತಲುಪುತ್ತವಂತೆ. ನನ್ನ ನರೆತ ತಲೆ ನೋಡಲು ಬೇಸರವೇ?

ಅಕ್ಕ

*

ಮೂಡುಬಿದಿರೆ
24 ಆಗಸ್ಟ್ 2025

ಪ್ರೀತಿಯ ತಮ್ಮ,

ಸ್ವಲ್ಪ ತಡವಾಗುತ್ತದೆ. ಬೀದರಿನವರಿಗೆ ವರ್ಗವಾಯಿತು. ಅಮ್ಮನಿಗೆ ಹುಷಾರಿಲ್ಲ ಎಂದು ಅವರೇ ಕೇಳಿ ಪಡೆದದ್ದಂತೆ. ಹೊರಡುವ ದಿನ ಫೋನ್ ಮಾಡಿ, ನಿಮ್ಮ ಕೆಲಸ ಒಂದು ಮಾಡಿ ಹೋಗಬೇಕಿತ್ತು ಮೇಡಂ ಎಂದರು. ಒಳ್ಳೆಯ ಮನುಷ್ಯ. ಅವರ ಜಾಗಕ್ಕೆ ಒಬ್ಬ ಹುಡುಗಿ ಬಂದಿದ್ದಾಳೆ. ಹೊಸದಾಗಿ ಒಮ್ಮೆ ನೋಡಬೇಕಂತೆ, ಅಷ್ಟೆ.

ನೀನು ಯೋಚನೆ ಮಾಡಬೇಡ. ಮಳೆ ಜೋರಿದೆ. ತೊಟ್ಟಿ ಗಟ್ಟಿಯಾಗಿದೆ.

ಅಕ್ಕ

*

ಮಸ್ಕತ್
10 ಸೆಪ್ಟೆಂಬರ್ 2025

ಅಕ್ಕ,

ನಿನ್ನ ಕಾಗದ ಯಾವತ್ತೂ ಇಷ್ಟು ಚಿಕ್ಕದು ಇರುವುದಿಲ್ಲ. ನೀನು ಮಳೆಯ ಬಗ್ಗೆ ಒಂದೇ ವಾಕ್ಯ ಬರೆದದ್ದು ನಾನು ಇದುವರೆಗೆ ನೋಡಿಲ್ಲ. ಏನಾಗಿದೆ ಅಂತ ನೇರವಾಗಿ ಹೇಳು. ಸಿಗುತ್ತದೋ ಇಲ್ಲವೋ, ಅಷ್ಟು ಬರೆದರೆ ಸಾಕು. ಇಲ್ಲ ಅಂತಾದರೂ ಬರೆ. ಕಾಯುವುದು ನನಗೆ ಈಗ ಕಷ್ಟ.

ನನ್ನ ಕೆಲಸ ಬದಲಾಗಿದೆ. ರೋಲರಿನಲ್ಲಿ ಈಗ ಬೇರೆಯವರು ಇದ್ದಾರೆ. ನನಗೆ ಕೌಂಟರಿನಲ್ಲಿ ಟವೆಲ್ ಎಣಿಸುವ ಕೆಲಸ ಕೊಟ್ಟಿದ್ದಾರೆ. ಸುಲಭ, ಕೂತು ಮಾಡುವುದು. ಶುಕೂರ್ ನನ್ನ ಊಟದ ತಟ್ಟೆ ಕೂಡಾ ಅವನೇ ತೊಳೆಯುತ್ತಾನೆ, ಅಷ್ಟು ಆರಾಮ.

ಕಮಲಾಕ್ಷ

*

ಮೂಡುಬಿದಿರೆ
21 ಸೆಪ್ಟೆಂಬರ್ 2025

ಪ್ರೀತಿಯ ಕಮಲಾಕ್ಷ,

ನೀನು ಕೂತು ಮಾಡುವ ಕೆಲಸಕ್ಕೆ ಏರಿದ್ದು ಓದಿ ಸಂತೋಷವಾಯಿತು. ಆ ಸಂತೋಷದ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲ. ಸಿಗುವುದಿಲ್ಲ.

ಕಳೆದ ಕಾಗದದಲ್ಲಿ ನಾನು ಪೂರ್ತಿ ಹೇಳಿರಲಿಲ್ಲ. ಅದನ್ನು ಬರೆಯುವ ಮೊದಲೇ ಹೊಸ ನಿರೀಕ್ಷಕಿ ಬಂದು ನೋಡಿ ಹೋಗಿದ್ದಳು. ಸುರಕ್ಷಾ ಎಂದು ಹೆಸರು, ಕಲ್ಲಡ್ಕದವಳು. ನಮ್ಮ ಸಾತ್ವಿಕಾ ಇನ್ನು ಕೆಲವು ವರ್ಷಕ್ಕೆ ಹೀಗೆಯೇ ಇರುತ್ತಾಳೇನೋ ಎಂಬಂಥ ಹುಡುಗಿ. ಚಪ್ಪಲಿ ಕಳಚಿ ಒಳಗೆ ಬಂದಳು, ನೀರು ಕೇಳಿ ಕುಡಿದಳು. ತೊಟ್ಟಿ ನೋಡಿ, ಇಷ್ಟು ಚೆನ್ನಾಗಿ ಯಾರೂ ಕಟ್ಟುವುದಿಲ್ಲ ಎಂದಳು. ಆಮೇಲೆ ಚೀಲದಿಂದ ಟೇಪು ತೆಗೆದಳು.

ಗುಂಡಿಯ ಅಂಚಿನಲ್ಲಿ ಅವಳು ಒಂದು ಕೊನೆ ಹಿಡಿದಳು. ಬಾವಿಕಟ್ಟೆಯಲ್ಲಿ ಇನ್ನೊಂದು ಕೊನೆ ಹಿಡಿದವರು ಸುಂದರಕ್ಕ. ನಿಯಮದಲ್ಲಿ ಹೇಳಿದ ದೂರಕ್ಕೆ ಒಂದು ಹಾಸು ಬಟ್ಟೆ ಹರವಿದಷ್ಟು ಕಡಿಮೆ ಬಂತು. ಸುಂದರಕ್ಕ ಟೇಪನ್ನು ಎಳೆದು ಹಿಡಿದು, “ಎಳೆದರೆ ಸ್ವಲ್ಪ ಉದ್ದ ಬರುವುದಿಲ್ಲವಾ ಮೇಡಂ?” ಎಂದು ಕೇಳಿದರು. ಹುಡುಗಿಗೆ ನಗು ಬಂತು, ನನಗೂ ಬಂತು. ಆಮೇಲೆ ಅವಳು ಟೇಪು ಸುತ್ತಿಕೊಂಡಳು.

ಗುಂಡಿಯನ್ನು ಬೇರೆ ಬದಿಗೆ ಮಾಡಲು ಜಾಗವಿಲ್ಲ, ನಿನಗೆ ಗೊತ್ತು. ಮೇಲೆ ಪಾದೆಕಲ್ಲಿನ ಬಂಡೆ, ಮುಂದೆ ರಸ್ತೆ, ಆಚೆ ಅಂಗಡಿಯವರ ಗೋಡೆ. ಸುರಕ್ಷಾಳೇ ಹೇಳಿದಳು: “ಕ್ಷಮಿಸಿ ಮೇಡಂ. ನಾನು ಇವತ್ತು ಸಹಿ ಹಾಕಿದರೆ, ನಾಳೆ ಇವರು ಕುಡಿಯುವ ನೀರಿಗೆ ನಾನು ಉತ್ತರ ಕೊಡಬೇಕಾಗ್ತದೆ.” ಸರಿಯಾದ ಮಾತು. ನನ್ನ ವಿದ್ಯಾರ್ಥಿನಿ ಹೀಗೆ ಹೇಳಿದ್ದರೆ ಬೆನ್ನು ತಟ್ಟುತ್ತಿದ್ದೆ.

ಒಪ್ಪಿಗೆ ಕೊಟ್ಟವರೇ ಬಾವಿಯ ಯಜಮಾನಿ ಎಂದು ನಿಝಾಮುದ್ದೀನ್ ಕಡತವನ್ನು ಮೇಲಿನವರಿಗೆ ಕಳಿಸಿ ನೋಡಿದ. ಮೊನ್ನೆ ತಿರುಗಿ ಬಂತು. ನೆರೆಯವರ ಒಪ್ಪಿಗೆಯಿಂದ ದೂರ ಹೆಚ್ಚಾಗುವುದಿಲ್ಲ ಎಂಬ ಅರ್ಥದ ಒಂದು ಸಾಲು. ಹಾಸ್ಟೆಲಿನವರು ಬೇರೆಯವರನ್ನು ನೋಡಿಕೊಂಡರು.

ಸುಂದರಕ್ಕ ಕಡತ ತಿರುಗಿ ಬಂದ ಸಂಜೆಯೇ ಬಂದು, ಬಾವಿ ಮುಚ್ಚಿಸಿಬಿಡುವ, ನಳ್ಳಿ ನೀರು ಬರ್ತದಲ್ಲ ಎಂದರು. ನಳ್ಳಿಯಲ್ಲಿ ನೀರು ಯಾವ ದಿನ ಬರುತ್ತದೆ ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರ ಗಂಡ ಜತ್ತಪ್ಪಣ್ಣ ಕೈಯಾರೆ ತೋಡಿದ ಬಾವಿ ಅದು. ಬೇಡ ಎಂದೆ. ಬೀದರಿನವರು ಜುಲೈಯಲ್ಲಿ ಬಂದಿದ್ದರೆ ಕಣ್ಣಳತೆಯಲ್ಲೇ ಬಿಡುತ್ತಿದ್ದರೋ, ಅವರ ಚೀಲದಲ್ಲೂ ಟೇಪು ಇತ್ತೋ ಯಾರಿಗೆ ಗೊತ್ತು? ಬಿಟ್ಟಿದ್ದರೆ ಇವತ್ತು ನೀನು ಬರುವ ದಿನ ಎಣಿಸುತ್ತಿದ್ದೆ. ಮುಂದಿನ ಬೇಸಿಗೆಯಲ್ಲಿ ಸುಂದರಕ್ಕ ಕೊಡಪಾನ ಎತ್ತಿ ಮೂಸಿ ನೋಡುತ್ತಿದ್ದರು, ಏನೂ ಹೇಳದೆ ಕುಡಿಯುತ್ತಿದ್ದರು. ನಾನು ಯಾವುದನ್ನು ಬಯಸಬೇಕಿತ್ತು, ತಮ್ಮ? ಎರಡರಲ್ಲಿ ಒಂದನ್ನೂ ಬಯಸಲು ಮನಸ್ಸು ಬರುವುದಿಲ್ಲ.

ಒಂದೇ ಸಮಾಧಾನ. ನಿನಗೆ ಅಲ್ಲಿ ಕೆಲಸ ಉಂಟು, ಅದೂ ಹಗುರವಾದದ್ದು. ಇನ್ನೆರಡು ವರ್ಷಕ್ಕೆ ಸಹಿ ಹಾಕು. ಅಷ್ಟರಲ್ಲಿ ಏನಾದರೂ ದಾರಿ ಹುಡುಕುತ್ತೇನೆ.

ನಿನ್ನ ಅಕ್ಕ

*

ಮಸ್ಕತ್
2 ನವೆಂಬರ್ 2025

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು. ಸಹಿ ಹಾಕಿದೆ. ಎರಡು ವರ್ಷ ಬೇಗ ಹೋಗುತ್ತದೆ. ಇಲ್ಲಿ ಈಗ ಸೆಕೆ ಕಡಿಮೆ, ಊಟ ಚೆನ್ನಾಗಿದೆ. ನನ್ನ ಯೋಚನೆ ಬಿಟ್ಟುಬಿಡು.

ಆ ಹುಡುಗಿಯ ಮೇಲೆ ಸಿಟ್ಟು ಮಾಡಬೇಡ. ನಾನು ಅಳೆದಿದ್ದರೂ ಅಷ್ಟೇ ಬರುತ್ತಿತ್ತು. ಬಾವಿ ಮುಚ್ಚುವುದು ಬೇಡ ಅಂತ ನೀನು ಹೇಳಿದ್ದು ಒಳ್ಳೆಯದಾಯಿತು. ಆಟಿಯ ಮಾತು ಹೇಳಿದವನು ನಾನು, ಅದನ್ನು ನೀನು ನಿನ್ನ ತಲೆಗೆ ಹಾಕಿಕೊಳ್ಳಬೇಡ.

ಇನ್ನು ಫೋನ್ ಮಾಡಿದರೆ ಸಾಕು ಅಕ್ಕ. ಕಾಗದ ಬರೆಯುವುದು ನಿನಗೂ ಕಷ್ಟ.

ಕಮಲಾಕ್ಷ

*

ಮೂಡುಬಿದಿರೆ
9 ನವೆಂಬರ್ 2025

ಪ್ರೀತಿಯ ಕಮಲಾಕ್ಷ,

ಕಾಗದ ಬರೆಯುವುದು ನನಗೆ ಯಾವಾಗ ಕಷ್ಟವಾಗಿತ್ತು? ನೀನು ಹೇಳಿದರೂ ನಾನು ಬಿಡುವವಳಲ್ಲ. ನಿನ್ನ ಅಕ್ಷರ ಸ್ವಲ್ಪ ಸುಧಾರಿಸಿದೆ, ಬಾಗಿದ್ದರೂ ಓದಲು ಬರುತ್ತದೆ. ಈ ಸಲ ಲಕೋಟೆಯ ಮೇಲೆ ಬಂಟ್ವಾಳದ ಬದಲು ಬೆಳ್ತಂಗಡಿಯ ಮುದ್ರೆ ಇತ್ತು. ಯಾರು ಹೊರಟಿದ್ದರು, ಉಜಿರೆಯವರೇ?

ನೀನು ಸಹಿ ಹಾಕಿದ್ದು ಓದಿ ಬಹಳ ದಿನಗಳ ಮೇಲೆ ನಿದ್ದೆ ಬಂತು. ನಿನ್ನನ್ನು ಇನ್ನೆರಡು ವರ್ಷ ಅಲ್ಲೇ ಇಟ್ಟದ್ದಕ್ಕೆ ನೆಮ್ಮದಿ ಪಡುವ ಅಕ್ಕ ನಾನು, ನೋಡು. ದೀಪಾವಳಿಗೆ ಸುಪ್ರೀತಾ ಬರಲಿಲ್ಲ. ಸಾತ್ವಿಕಾಳಿಗೆ ಪರೀಕ್ಷೆ ಎಂದಳು. ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅಕ್ಕ, ಎಲ್ಲ ಚೆನ್ನಾಗಿದೆ ಅಕ್ಕ ಎಂದು ಎರಡು ಸಲ ಹೇಳಿದಳು. ಮುಂದಿನ ಭಾನುವಾರ ನಾನೇ ಹೋಗಿ ಬರೋಣ ಎಂದಿದ್ದೇನೆ.

ಬೀಡಿ ಬ್ರಾಂಚಿನ ಬಾಗಿಲು ಹಾಕಿ ಬೀಗ ಜಡಿದೆ. ತೊಟ್ಟಿಯಲ್ಲಿ ಮಳೆ ನೀರು ನಿಂತಿದೆ. ಮೂರನೆಯ ಕೋಣೆಯ ನೀರು ಎಷ್ಟು ತಿಳಿಯಾಗಿದೆ ಎಂದರೆ ತಳದ ಗಾರೆಯಲ್ಲಿ ಮೇಸ್ತ್ರಿಯ ಬೆರಳ ಗುರುತು ಕಾಣುತ್ತದೆ. ಆ ಮರೆತ ಸಾಲಿನ ಮುಂದಿನ ಸಾಲು ಇನ್ನೂ

ಇಲ್ಲಿಯವರೆಗೆ ಬರೆದಾಗ ಸುಂದರಕ್ಕ ಬಂದರು. ಮಗಳ ಮನೆಗೆಂದು ಬೆಳ್ತಂಗಡಿಗೆ ಹೋದವರು, ಬಸ್ಸಿಳಿದು ನೇರ ನಮ್ಮ ಬಾಗಿಲಿಗೆ. ಒಳಗೆ ಬನ್ನಿ ಎಂದರೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು ಮಾತಾಡಿದರು. ಅವರು ಹೋಗಿ ಎಷ್ಟು ಹೊತ್ತಾಯಿತೋ. ಈ ಕಾಗದಕ್ಕೆ ಯಾವ ವಿಳಾಸ ಬರೆಯಬೇಕೆಂದು ಗೊತ್ತಾಗದೆ, ಆದರೂ ಮುಗಿಸುತ್ತಿದ್ದೇನೆ. ಅವರು ಹೇಳಿದ್ದನ್ನೇ ಬರೆಯುತ್ತೇನೆ:

“ತಮ್ಮ ಬಂದದ್ದು ನೀವು ಹೇಳಲೇ ಇಲ್ಲ ಅಲ್ಲವಾ ಟೀಚರೆ? ಬೆಳ್ತಂಗಡಿಯಲ್ಲಿ ಬಸ್ಸಿನಲ್ಲಿ ಸಿಕ್ಕಿದರು. ದೀಪಾವಳಿಗೆ ಮೊದಲೇ ಬಂದಿದ್ದಾರಂತೆ, ಇನ್ನು ಹೋಗುವುದು ಇಲ್ಲವಂತೆ. ಬಲಗೈಯ ಬೆರಳು ಒಂದೂ ಮಡಚುವುದಿಲ್ಲ ಮಾರಾಯ್ರೆ, ಚರ್ಮ ಎಲ್ಲ ಸುಟ್ಟು ಎಳೆದ ಹಾಗೆ ಉಂಟು. ಎಡಗೈಯಲ್ಲಿ ದುಡ್ಡು ಕೊಟ್ಟದ್ದಕ್ಕೆ ಕಂಡಕ್ಟರ್ ಮುಖ ಗಂಟು ಹಾಕಿದ, ಆಮೇಲೆ ಆ ಕೈ ನೋಡಿ ಟಿಕೇಟನ್ನು ಅವನೇ ತಮ್ಮನ ಕಿಸೆಗೆ ಹಾಕಿದ. ಜೂನ್‌ನಲ್ಲೇ ಆದದ್ದಂತೆ, ಮೆಷಿನಿನಲ್ಲಿ. ಅಕ್ಕನಿಗೆ ಹೇಳಬೇಡಿ ಅಂದರು. ನಾನು ಹೇಳದೆ ಹೇಗೆ ಇರುವುದು? ಇಳಿಯುವಾಗ ಮತ್ತೆ ತಿರುಗಿ ಕೇಳಿದರು, ಸುಂದರಕ್ಕ, ನಿಮ್ಮ ಬಾವಿ ನೀರು ಚೆನ್ನಾಗಿ ಉಂಟಲ್ಲ ಅಂತ. ಉಂಟು ಅಂದೆ. ಬೇರೆ ಏನು ಹೇಳುವುದು ಟೀಚರೆ, ಚೆನ್ನಾಗಿಯೇ ಉಂಟಲ್ಲ.”